ಹಳೆಯ ಆಂಪ್ಲಿಫೈಯರ್, ಸ್ಪೀಕರ್‌ಗಳ ಬಿಡಿಭಾಗಗಳನ್ನು ನೀವೇ ಬದಲಿಸುವುದು: ಸಮಗ್ರ ಮಾರ್ಗದರ್ಶಿ

ಇಪ್ಪತ್ತು ಮೂವತ್ತು ವರ್ಷ ದುಡಿದ ಸ್ಟೀರಿಯೋ ಆಂಪ್ಲಿಫೈಯರ್ ಒಂದರ ಮುಚ್ಚಳ ತೆಗೆದು ನೋಡಿದರೆ ಒಳಗಿನ ಭಾಗಗಳಲ್ಲಿ ಬಹುಪಾಲು ಇನ್ನೂ ಗಟ್ಟಿಯಾಗಿಯೇ ಇರುತ್ತವೆ. ಟ್ರಾನ್ಸ್‌ಫಾರ್ಮರ್, ಹೀಟ್‌ಸಿಂಕ್, ರೆಸಿಸ್ಟರ್‌ಗಳು, ಹೆಚ್ಚಿನ ಟ್ರಾನ್ಸಿಸ್ಟರ್‌ಗಳು ಸುಲಭಕ್ಕೆ ಸೋಲುವುದಿಲ್ಲ. ಸೋಲುವವು ಕೆಲವೇ: ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು, ವಾಲ್ಯೂಮ್ ಕಂಟ್ರೋಲ್, ಸ್ವಿಚ್ ಮತ್ತು ರಿಲೇಗಳ (ವಿದ್ಯುತ್ತಿನಿಂದಲೇ ಚಲಿಸುವ ಸ್ವಿಚ್‌ಗಳ) ಸಂಪರ್ಕಗಳು, ಬಿಸಿಯಾಗುವ ಭಾಗಗಳ ಕೆಳಗೆ ಬಿರುಕು ಬಿಟ್ಟ ಬೆಸುಗೆ. ಸ್ಪೀಕರ್‌ಗಳಲ್ಲಿ, ಸ್ವರಗಳನ್ನು ವಿಂಗಡಿಸಿ ಹಂಚುವ ಕ್ರಾಸ್‌ಓವರ್‌ನ ಕೆಪಾಸಿಟರ್‌ಗಳು ಮತ್ತು ಮಂದ್ರ ಸ್ವರ ನುಡಿಸುವ ವೂಫರ್‌ನ ಅಂಚಿನ ಫೋಮ್.

ಹಾಗಾಗಿ ಈ ಕೆಲಸಕ್ಕೆ ಇಳಿಯುವವರಿಗೆ ನಾನು ಒತ್ತಿ ಹೇಳುವ ಮಾತು ಒಂದೇ. ಪ್ರತಿಯೊಂದು ಭಾಗವನ್ನೂ ಬಿಚ್ಚುವ ಮೊದಲು ‘ಇದನ್ನು ಏಕೆ ಬದಲಿಸುತ್ತಿದ್ದೇನೆ’ ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿರಬೇಕು. ಸವೆದಿದೆ ಎಂಬುದು ಒಳ್ಳೆಯ ಉತ್ತರ. ಮೂಲ ವಿನ್ಯಾಸದಲ್ಲಿ ಖರ್ಚು ಉಳಿಸಲು ಅಗ್ಗದ ಭಾಗ ಹಾಕಿದ್ದಾರೆ ಎಂಬುದೂ ಉತ್ತರವೇ. ಆದರೆ ಹೊಸದು ದುಬಾರಿ ಎಂಬುದು ಉತ್ತರವಲ್ಲ.

ಯಾವ ಉಪಕರಣದಿಂದ ಶುರು ಮಾಡಬೇಕು

ಮೊದಲ ಕೆಲಸಕ್ಕೆ ಟ್ರಾನ್ಸಿಸ್ಟರ್‌ಗಳ ಸಾಧಾರಣ ಇಂಟಿಗ್ರೇಟೆಡ್ ಆಂಪ್ಲಿಫೈಯರ್ ಅಥವಾ ಮಂದ್ರಕ್ಕೆ ವೂಫರ್, ತಾರಸ್ವರಕ್ಕೆ ಟ್ವೀಟರ್ ಇರುವ ಒಂದು ಜೊತೆ ಎರಡು ದಾರಿಯ ಸ್ಪೀಕರ್ ಸರಿಯಾದ ಆಯ್ಕೆ. ಸ್ಪೀಕರ್ ಇನ್ನೂ ಒಳ್ಳೆಯದು, ಏಕೆಂದರೆ ಅದರೊಳಗೆ ಮನೆಯ ವಿದ್ಯುತ್ತೇ ಇರುವುದಿಲ್ಲ.

ವಾಲ್ವ್ ಆಂಪ್ಲಿಫೈಯರ್‌ಗಳಲ್ಲಿ 300ರಿಂದ 500 ವೋಲ್ಟ್‌ವರೆಗಿನ ಡಿಸಿ ಇರುವುದು ಸಾಮಾನ್ಯ. ಸ್ವಿಚಿಂಗ್ ಪವರ್ ಸಪ್ಲೈ ಇರುವ ಉಪಕರಣಗಳಲ್ಲಿ 230 ವೋಲ್ಟ್ ಮನೆ ವಿದ್ಯುತ್ತು ನೇರವಾಗಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ. ಇವೆರಡನ್ನೂ ಅನುಭವ ಬರುವವರೆಗೆ ಮುಟ್ಟಬೇಡಿ. ಸಾಸಿವೆ ಗಾತ್ರದ ಭಾಗಗಳನ್ನು ಬೋರ್ಡಿನ ಮೇಲ್ಮೈಗೇ ಅಂಟಿಸಿದ ಇತ್ತೀಚಿನ ಡಿಜಿಟಲ್ ಆಂಪ್ಲಿಫೈಯರ್‌ಗಳೂ ಮೊದಲ ಕೆಲಸಕ್ಕೆ ತಕ್ಕವಲ್ಲ.

ಯಾವ ಮಾದರಿಯಾದರೂ ಸರಿ, ಅದರ ಸರ್ವಿಸ್ ಮ್ಯಾನ್ಯುಯಲ್ ಹುಡುಕಿಕೊಳ್ಳಿ. ಸರ್ಕ್ಯೂಟ್ ನಕ್ಷೆ, ಭಾಗಗಳ ಪಟ್ಟಿ, ಎಲ್ಲಿ ಎಷ್ಟು ವೋಲ್ಟ್ ಇರಬೇಕು ಎಂಬ ವಿವರ ಅದರಲ್ಲಿರುತ್ತದೆ. ಅದಿಲ್ಲದೆಯೂ ಕೆಲಸ ಮಾಡಬಹುದು, ಆದರೆ ಬಯಾಸ್ (ಹಾಡಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಹರಿಯುವ ಸಣ್ಣ ಕರೆಂಟು) ಹೊಂದಿಸುವ ಹಂತದಲ್ಲಿ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಮೊದಲು ಕಿವಿಯಿಂದ ಪರೀಕ್ಷೆ

ಮುಚ್ಚಳ ತೆಗೆಯುವ ಮುನ್ನವೇ ಸಾಕಷ್ಟು ತಿಳಿದುಕೊಳ್ಳಬಹುದು. ಯಾವ ಹಾಡನ್ನೂ ಹಾಕದೆ ಆಂಪ್ಲಿಫೈಯರ್ ಚಾಲೂ ಮಾಡಿ, ಸ್ಪೀಕರ್ ಹತ್ತಿರ ಕಿವಿಯಿಡಿ. ಗುಂಯ್ ಎಂಬ ಸದ್ದಿದ್ದರೆ ವಾಲ್ಯೂಮ್ ತಿರುಗಿಸಿ ನೋಡಿ. ವಾಲ್ಯೂಮಿನೊಂದಿಗೆ ಸದ್ದು ಏರಿಳಿದರೆ ದೋಷವು ವಾಲ್ಯೂಮ್ ಕಂಟ್ರೋಲ್‌ಗಿಂತ ಹಿಂದಿನ ಹಂತದಲ್ಲಿದೆ ಅಥವಾ ಇನ್‌ಪುಟ್ ತಂತಿಯಲ್ಲಿದೆ. ಏನೂ ಬದಲಾಗದಿದ್ದರೆ ಅದು ಔಟ್‌ಪುಟ್ ಹಂತದ್ದು ಅಥವಾ ಪವರ್ ಸಪ್ಲೈಯದ್ದು. ಸದ್ದಿನ ಸ್ಥಾಯಿಯೂ ಸುಳಿವು ಕೊಡುತ್ತದೆ: 50 ಹರ್ಟ್ಸ್ ವಿದ್ಯುತ್ತು ಇರುವ ಕಡೆ ಫಿಲ್ಟರ್ ಕೆಪಾಸಿಟರ್ ಸೊರಗಿದಾಗ ಬರುವುದು 100 ಹರ್ಟ್ಸ್‌ನ ಕೊಂಚ ಒರಟಾದ ಗುಂಯ್‌ಗುಡುವಿಕೆ, 60 ಹರ್ಟ್ಸ್ ಇರುವ ಕಡೆ 120. ಅದರ ಅರ್ಧದಷ್ಟಿರುವ, ಮಂದ್ರದ ನಯವಾದ ಸದ್ದಾದರೆ ಗ್ರೌಂಡ್ ತಂತಿ ಅಥವಾ ಶೀಲ್ಡಿನ ತೊಂದರೆಯಿರುತ್ತದೆ. ಅದಕ್ಕೆ ಕೆಪಾಸಿಟರ್ ಬದಲಿಸಿ ಪ್ರಯೋಜನವಿಲ್ಲ.

ಒಂದು ಚಾನೆಲ್ ಮಾತ್ರ ಬಿಟ್ಟು ಬಿಟ್ಟು ಹಾಡುತ್ತಿದ್ದು, ವಾಲ್ಯೂಮ್ ಜೋರು ಮಾಡಿದಾಗ ಸರಿಹೋದರೆ, ಸ್ಪೀಕರ್ ರಿಲೇಯ ಸಂಪರ್ಕ ಕಪ್ಪಾಗಿದೆ ಎಂದು ಶಂಕಿಸಿ. ಅದನ್ನು ಉಜ್ಜಿ ಸರಿಪಡಿಸುವುದು ತಾತ್ಕಾಲಿಕ, ಅದೇ ಅಳತೆಯ ಹೊಸ ರಿಲೇ ಹಾಕುವುದೇ ಸರಿ. ವಾಲ್ಯೂಮ್ ತಿರುಗಿಸುವಾಗ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಒಳಕ್ಕೆ ಸಿಂಪಡಿಸಿ ಗುಬ್ಬಿಯನ್ನು ಈ ತುದಿಯಿಂದ ಆ ತುದಿಗೆ ಹತ್ತಾರು ಬಾರಿ ತಿರುಗಿಸಿ. ಆಮೇಲೂ ಕರಕರ ಹೋಗದಿದ್ದರೆ ಅದರ ಹಿಂದಿನ, ಧ್ವನಿಯನ್ನಷ್ಟೇ ದಾಟಿಸಿ ಡಿಸಿಯನ್ನು ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರ್ ಸೋರಿ ಡಿಸಿ ವೋಲ್ಟೇಜ್ ವಾಲ್ಯೂಮ್ ಕಂಟ್ರೋಲ್‌ಗೆ ಬರುತ್ತಿರಬಹುದು. ಮಲ್ಟಿಮೀಟರ್ ಹಿಡಿದರೆ ಕೂಡಲೇ ಗೊತ್ತಾಗುತ್ತದೆ. ಇದನ್ನು ನೋಡದೆ ಹೊಸ ವಾಲ್ಯೂಮ್ ಕಂಟ್ರೋಲ್ ಕೊಂಡುತಂದು ಹಾಕಿ, ಅದೂ ಕರಕರ ಎಂದಾಗ ಬೇಸರಪಡುವವರು ಬಹಳ.

ವಾಲ್ಯೂಮ್ ಕಂಟ್ರೋಲ್ ಬದಲಿಸಲೇಬೇಕಾದರೆ ಲಾಗರಿದಮಿಕ್ ಬಗೆಯದನ್ನೇ ತನ್ನಿ. ಲೀನಿಯರ್ ಹಾಕಿದರೆ ಗುಬ್ಬಿ ಸ್ವಲ್ಪ ತಿರುಗಿದೊಡನೆ ಸದ್ದೆಲ್ಲ ಒಮ್ಮೆಗೇ ನುಗ್ಗುತ್ತದೆ. ಮೇಲೆ ಮುದ್ರಿಸಿದ ಅಕ್ಷರದ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಅಳೆದು ನೋಡುವುದು ಕ್ಷೇಮ. ಗುಬ್ಬಿ ನಡುವಿನಲ್ಲಿದ್ದಾಗ ಲಾಗರಿದಮಿಕ್ ಬಗೆಯದು ಒಟ್ಟು ರೆಸಿಸ್ಟೆನ್ಸಿನ ಸುಮಾರು ಶೇ 10ರಿಂದ 15ರಷ್ಟನ್ನು ತೋರಿಸುತ್ತದೆ, ಲೀನಿಯರ್ ಅರ್ಧವನ್ನು.

ಜೀವಕ್ಕೆ ಸಂಬಂಧಿಸಿದ ಮಾತು

ಪ್ಲಗ್ ಕಿತ್ತು ಪಕ್ಕಕ್ಕಿಟ್ಟ ಮೇಲೂ ಆಂಪ್ಲಿಫೈಯರ್ ಒಳಗೆ ವಿದ್ಯುತ್ತು ಉಳಿದಿರುತ್ತದೆ. 50 ವೋಲ್ಟ್‌ಗೆ ತುಂಬಿದ 10,000 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಒಂದರಲ್ಲಿ 12.5 ಜೂಲ್ ಶಕ್ತಿಯಿದೆ. ಸ್ಕ್ರೂಡ್ರೈವರ್ ತುದಿಯನ್ನು ಕರಗಿಸಿ ಕಿಡಿ ಹಾರಿಸಲು ಅಷ್ಟು ಸಾಕು. ಆದ್ದರಿಂದ ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಅಭ್ಯಾಸ ಬೇಡ. 470 ಓಮ್, 10 ವ್ಯಾಟ್‌ನ ರೆಸಿಸ್ಟರ್ ಒಂದರ ಎರಡೂ ತುದಿಗೆ ಹೊದಿಕೆಯಿರುವ ತಂತಿ ಮತ್ತು ಕ್ಲಿಪ್ ಬೆಸೆದು, ಅದನ್ನು ಕೆಪಾಸಿಟರ್‌ನ ಎರಡು ಕಾಲುಗಳಿಗೆ ಅರ್ಧ ನಿಮಿಷ ಹಿಡಿಯಿರಿ. ನಂತರ ಮೀಟರ್‌ನಲ್ಲಿ ಅಳೆದು, ಒಂದು ವೋಲ್ಟ್‌ಗಿಂತ ಕಡಿಮೆಯಾದ ಮೇಲಷ್ಟೇ ಕೈ ಹಾಕಿ.

ಚಾಲೂ ಇರುವಾಗ ಅಳೆಯಬೇಕಾದ ಸಂದರ್ಭ ಬಂದೇ ಬರುತ್ತದೆ. ಆಗ ಉಂಗುರ, ಗಡಿಯಾರ ತೆಗೆದಿಡಿ. ಮೀಟರ್‌ನ ಕಪ್ಪು ತಂತಿಯನ್ನು ಕ್ಲಿಪ್‌ನಿಂದ ಚಾಸಿಗೆ (ಲೋಹದ ಚೌಕಟ್ಟಿಗೆ) ಸಿಕ್ಕಿಸಿ ಒಂದೇ ಕೈಯಲ್ಲಿ ಅಳತೆ ಮಾಡಿ. ಮೂರು ಪಿನ್ನಿನ ಪ್ಲಗ್ ಇರುವ ಉಪಕರಣದ ಅರ್ಥಿಂಗ್ ತಂತಿಯನ್ನು ಗುಂಯ್ ಸದ್ದು ಹೋಗಲೆಂದು ಕತ್ತರಿಸುವುದು ಸಾವಿಗೆ ಆಹ್ವಾನ. ಯಾವ ಕಾರಣಕ್ಕೂ ಅದನ್ನು ಮಾಡಕೂಡದು. ವಿದ್ಯುತ್ ಬರುವ ಜಾಗದಲ್ಲಿ, ಪವರ್ ಸ್ವಿಚ್‌ನ ಆಸುಪಾಸು ಇರುವ ಕೆಪಾಸಿಟರ್‌ಗಳ ಮೇಲೆ ಎಕ್ಸ್2 ಅಥವಾ ವೈ2 ಎಂದು ಬರೆದಿರುತ್ತದೆ. ಅಲ್ಲಿ ಅದೇ ದರ್ಜೆಯ ಸುರಕ್ಷಾ ಕೆಪಾಸಿಟರ್ ಹೊರತು ಬೇರೇನೂ ಕೂರಬಾರದು. ಫ್ಯೂಸ್ ಕೂಡ ಹಾಗೆಯೇ, ಬರೆದಿರುವ ಆಂಪಿಯರ್‌ನದೇ, ಅದೇ ಬಗೆಯದೇ.

ಬೇಕಾಗುವ ಸಾಮಾನು

ಉಷ್ಣತೆ ಹೊಂದಿಸಬಹುದಾದ ಸೋಲ್ಡರಿಂಗ್ ಸ್ಟೇಷನ್, ಡಿಜಿಟಲ್ ಮಲ್ಟಿಮೀಟರ್, ಸೋಲ್ಡರ್ ಹೀರುವ ಪಂಪ್ ಮತ್ತು ತಾಮ್ರದ ಜಾಲರಿ, ಫ್ಲಕ್ಸ್, ಸಣ್ಣ ಕಟ್ಟರ್, ಮೂತಿ ಇಕ್ಕಳ. ಶೇ 63 ತವರ, ಶೇ 37 ಸೀಸದ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಗೇ ಕರಗಿ ಒಮ್ಮೆಗೇ ಗಟ್ಟಿಯಾಗುವುದರಿಂದ ಹಳೆಯ ಬೋರ್ಡುಗಳಿಗೆ ಬಹಳ ಅನುಕೂಲ. ಅದರಲ್ಲಿ ಸೀಸವಿದೆ, ಕೆಲಸ ಮುಗಿದೊಡನೆ ಕೈ ತೊಳೆಯಿರಿ, ಹೊಗೆ ಮುಖಕ್ಕೆ ಬಾರದಂತೆ ಕಿಟಕಿ ತೆರೆದಿಡಿ. ಕೆಪಾಸಿಟರ್‌ಗಳ ಒಳರೋಧ ಅಳೆಯುವ ಇಎಸ್‌ಆರ್ ಮೀಟರ್ ಇದ್ದರೆ ಯಾವುದು ಕೆಟ್ಟಿದೆ ಎಂದು ಊಹಿಸುವ ಕಷ್ಟ ತಪ್ಪುತ್ತದೆ. ಎಷ್ಟೋ ಕೆಪಾಸಿಟರ್‌ಗಳು ಮೈಕ್ರೋಫ್ಯಾರಡ್ ಅಳತೆಯಲ್ಲಿ ಸರಿಯಾಗಿದ್ದೇ ಒಳರೋಧ ಏರಿಸಿಕೊಂಡು ಕೆಟ್ಟಿರುತ್ತವೆ.

ಇದರ ಜೊತೆಗೆ ನೀವೇ ಮಾಡಿಕೊಳ್ಳಬೇಕಾದ ಒಂದು ಸಾಧನ ಸೀರೀಸ್ ಬಲ್ಬ್. 60 ಅಥವಾ 100 ವ್ಯಾಟ್‌ನ, ತಂತಿ ಕಾಯುವ ಹಳೇ ಬಗೆಯ ಬಲ್ಬನ್ನು ಆಂಪ್ಲಿಫೈಯರ್‌ಗೆ ಹೋಗುವ ವಿದ್ಯುತ್ತಿನ ಲೈನ್ ತಂತಿಯಲ್ಲಿ ಸರಣಿಯಾಗಿ ಸೇರಿಸಿ, ಎಲ್ಲ ಜೋಡಣೆಯನ್ನೂ ಮುಚ್ಚಿದ ಪೆಟ್ಟಿಗೆಯೊಳಗೆ ಇಡಬೇಕು. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ಇದರ ಉಪಯೋಗ ಮುಂದೆ ಬರುತ್ತದೆ.

ಕೆಪಾಸಿಟರ್‌ಗಳ ಆಯ್ಕೆ

ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗೆ ದ್ರವವಿದೆ. ಶಾಖಕ್ಕೆ ಅದು ನಿಧಾನವಾಗಿ ಆವಿಯಾಗಿ ರಬ್ಬರ್ ಮುದ್ರೆಯ ಮೂಲಕ ಹೊರಹೋಗುತ್ತದೆ. ಉಷ್ಣತೆ 10 ಡಿಗ್ರಿ ಇಳಿದರೆ ಆಯಸ್ಸು ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಎಲ್ಲರೂ ಬಳಸುವ ಲೆಕ್ಕ. 85 ಡಿಗ್ರಿಯಲ್ಲಿ 2,000 ಗಂಟೆ ಎಂದು ಬರೆದದ್ದು 45 ಡಿಗ್ರಿಯ ಪೆಟ್ಟಿಗೆಯಲ್ಲಿ 32,000 ಗಂಟೆ ಬಾಳೀತು. ಅದೇ 2,000 ಗಂಟೆಯ 105 ಡಿಗ್ರಿ ದರ್ಜೆಯದು ಅದರ ನಾಲ್ಕು ಪಟ್ಟು. ಆದ್ದರಿಂದ ಬದಲಿಸುವಾಗ 105 ಡಿಗ್ರಿಯದನ್ನೇ ಹಾಕಿ. ಹೀಟ್‌ಸಿಂಕ್‌ಗೆ ಅಂಟಿಕೊಂಡಂತೆ ಕೂತವು ಮೊದಲು ಕೆಡುತ್ತವೆ, ಅವುಗಳಿಂದಲೇ ಆರಂಭಿಸಿ.

ನಿಚಿಕಾನ್, ಪ್ಯಾನಾಸೋನಿಕ್, ರೂಬಿಕಾನ್, ನಿಪ್ಪಾನ್ ಕೆಮಿಕಾನ್ ಇವುಗಳ ಸಾಧಾರಣ ಕಡಿಮೆ ಒಳರೋಧದ ಸರಣಿಗಳು ಆಂಪ್ಲಿಫೈಯರ್‌ಗೆ ಧಾರಾಳ ಸಾಕು. ಚಿನ್ನದ ಬಣ್ಣದ ಕವಚಕ್ಕೆ ಮಾರುಹೋಗುವುದಕ್ಕಿಂತ ಅಧಿಕೃತ ವಿತರಕರಿಂದ ಅಸಲಿ ಮಾಲು ಕೊಳ್ಳುವುದು ಹೆಚ್ಚು ಮುಖ್ಯ. ಈ ಕ್ಷೇತ್ರದಲ್ಲಿ ನಕಲಿ ಬಹಳ.

ವೋಲ್ಟೇಜ್ ಅಂಕಿ ಮೂಲದಷ್ಟೇ ಅಥವಾ ಹೆಚ್ಚಿರಬೇಕು, ಎಂದೂ ಕಡಿಮೆಯಲ್ಲ. ಮೈಕ್ರೋಫ್ಯಾರಡ್ ವಿಷಯದಲ್ಲಿ ಭಾಗ ಕೂತ ಜಾಗ ನೋಡಿ ತೀರ್ಮಾನಿಸಬೇಕು. ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್‌ಗಳನ್ನು ದುಪ್ಪಟ್ಟು ಮಾಡಿದರೆ ಬಾಸ್ ದುಪ್ಪಟ್ಟಾಗುತ್ತದೆಂಬ ನಂಬಿಕೆ ಇದೆ. ನಿಜವಾಗಿ ಆಗುವುದು, ಚಾಲೂ ಮಾಡಿದ ಕ್ಷಣ ಅವು ಎಳೆಯುವ ಕರೆಂಟು ಏರಿ, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್‌ಗೂ ಫ್ಯೂಸ್‌ಗೂ ಪೆಟ್ಟು. ಮೂಲಕ್ಕಿಂತ ಶೇ 20ರಿಂದ 50ರಷ್ಟು ಹೆಚ್ಚಿಸಿದರೆ ಸಾಕು. ಇನ್ನು ಟೋನ್ ಕಂಟ್ರೋಲ್, ರೆಕಾರ್ಡ್ ಪ್ಲೇಯರ್‌ಗೆಂದಿರುವ ಫೋನೋ ಹಂತ ಇವುಗಳ ಸಣ್ಣ ಕೆಪಾಸಿಟರ್‌ಗಳ ಮೈಕ್ರೋಫ್ಯಾರಡ್ ಅಂಕಿಯೇ ಧ್ವನಿಯ ಆಕಾರವನ್ನು ನಿರ್ಧರಿಸುವುದರಿಂದ ಅಲ್ಲಿ ಮೂಲದ ಅಂಕಿಯನ್ನು ಕದಲಿಸುವಂತಿಲ್ಲ.

ಕಪ್ಲಿಂಗ್ ಕೆಪಾಸಿಟರ್‌ಗಳದ್ದು ಒಂದು ಸರಳ ಲೆಕ್ಕ. 1,59,000 ಅನ್ನು ಕೆಪಾಸಿಟರ್‌ನ ಮೈಕ್ರೋಫ್ಯಾರಡ್ ಮತ್ತು ಅದರ ಮುಂದಿನ ರೆಸಿಸ್ಟೆನ್ಸಿನ ಓಮ್‌ಗಳ ಗುಣಲಬ್ಧದಿಂದ ಭಾಗಿಸಿದರೆ, ಬಾಸ್ ಎಲ್ಲಿಂದ ಕುಸಿಯಲಾರಂಭಿಸುತ್ತದೆ ಎಂಬುದು ಹರ್ಟ್ಸ್‌ನಲ್ಲಿ ಸಿಗುತ್ತದೆ. 10 ಮೈಕ್ರೋಫ್ಯಾರಡ್, 10,000 ಓಮ್ ಇದ್ದರೆ 1.6 ಹರ್ಟ್ಸ್. ಅಲ್ಲಿ ದೊಡ್ಡದು ಹಾಕಿ ಗಳಿಸುವುದು ಏನೂ ಇಲ್ಲ. 1 ಮೈಕ್ರೋಫ್ಯಾರಡ್ ಇದ್ದರೆ 16 ಹರ್ಟ್ಸ್ ಆಗುತ್ತದೆ. ಅದು ಒಣಗಿ ಅರ್ಧಕ್ಕಿಳಿದರೆ 32 ಹರ್ಟ್ಸ್, ಅಂದರೆ ಕಿವಿಗೆ ತಿಳಿಯುವಷ್ಟು ಬಾಸ್ ನಷ್ಟ. ಈ 1 ಮೈಕ್ರೋಫ್ಯಾರಡ್‌ನ ಆಸುಪಾಸಿನ ಎಲೆಕ್ಟ್ರೋಲಿಟಿಕ್‌ಗಳ ಜಾಗದಲ್ಲಿ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಕೂರಿಸಬಹುದು. ಫಿಲ್ಮ್ ಒಣಗುವುದಿಲ್ಲ, ಸೋರಿಕೆ ನಗಣ್ಯ. ಮನಃಪೂರ್ವಕವಾಗಿ ‘ಅಪ್‌ಗ್ರೇಡ್’ ಎಂದು ನಾನು ಕರೆಯುವ ಬದಲಾವಣೆ ಇದು. ಅಲ್ಲಿ ಎಕ್ಸ್7ಆರ್ ಬಗೆಯ ಸೆರಾಮಿಕ್ ಮಾತ್ರ ಬೇಡ, ವೋಲ್ಟೇಜ್ ಬದಲಾದಂತೆ ಅದರ ಮೈಕ್ರೋಫ್ಯಾರಡ್ ಅಂಕಿಯೇ ಬದಲಾಗಿ ಧ್ವನಿ ಕೆಡುತ್ತದೆ.

ಕೊಳ್ಳುವ ಮುನ್ನ ಕಾಲುಗಳ ಅಂತರ, ವ್ಯಾಸ, ಎತ್ತರ ಮೂರನ್ನೂ ಸ್ಕೇಲಿನಲ್ಲಿ ಅಳೆದು ಬರೆದುಕೊಳ್ಳಿ.

ಬಿಚ್ಚುವುದು, ಬೆಸೆಯುವುದು

ಬೋರ್ಡಿನ ಎರಡೂ ಬದಿಯ ಸ್ಪಷ್ಟ ಚಿತ್ರಗಳನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಕೆಪಾಸಿಟರ್‌ನ ಮೈಮೇಲಿನ ಪಟ್ಟೆ ಋಣ ತುದಿಯನ್ನು ತೋರಿಸುತ್ತದೆ, ಹೊಸದರ ಉದ್ದ ಕಾಲು ಧನ. ಆದರೆ ಬೋರ್ಡಿನ ಮೇಲಿನ ಗುರುತಿಗೆ ಏಕರೂಪವಿಲ್ಲ: ಕೆಲವರು ಧನಕ್ಕೆ ಚಿಹ್ನೆ ಹಾಕುತ್ತಾರೆ, ಕೆಲವರು ಋಣದ ಬದಿಯ ಅರ್ಧವೃತ್ತಕ್ಕೆ ಬಣ್ಣ ತುಂಬುತ್ತಾರೆ. ಮುದ್ರಣವೇ ತಪ್ಪಾಗಿರುವ ಬೋರ್ಡುಗಳೂ ಇವೆ. ತೆಗೆದ ಭಾಗ ಹೇಗೆ ಕೂತಿತ್ತು ಎಂಬ ಚಿತ್ರವೇ ಪ್ರಮಾಣ. ತಿರುಗುಮುರುಗಾಗಿ ಹಾಕಿದ ಎಲೆಕ್ಟ್ರೋಲಿಟಿಕ್ ಸಿಡಿಯುತ್ತದೆ.

ಒಂದನ್ನು ಬಿಚ್ಚಿ, ಒಂದನ್ನು ಹಾಕಿ, ನಕ್ಷೆಯಲ್ಲಿ ಗುರುತು ಮಾಡಿ, ಮುಂದಿನದಕ್ಕೆ ಹೋಗಿ. ಎಲ್ಲವನ್ನೂ ಒಟ್ಟಿಗೆ ಕಿತ್ತು ರಾಶಿ ಹಾಕಿಕೊಳ್ಳಬೇಡಿ. ಅದಕ್ಕಿಂತ ಮುಖ್ಯ, ಮೊದಲು ಒಂದು ಚಾನೆಲ್ ಮಾತ್ರ ಮುಗಿಸಿ. ಇನ್ನೊಂದು ಚಾನೆಲ್ ಮೂಲ ಸ್ಥಿತಿಯಲ್ಲಿದ್ದರೆ, ಏನಾದರೂ ಎಡವಟ್ಟಾದಾಗ ಎರಡರಲ್ಲೂ ಒಂದೇ ಬಿಂದುವಿನ ವೋಲ್ಟೇಜ್ ಹೋಲಿಸಿ ತಪ್ಪು ಎಲ್ಲಿದೆ ಎಂದು ಕಂಡುಹಿಡಿಯಬಹುದು.

ಐರನ್ 330ರಿಂದ 350 ಡಿಗ್ರಿಯಲ್ಲಿರಲಿ. ಹಳೆಯ ಬೆಸುಗೆ ಕರಗಲು ಹಟ ಮಾಡಿದರೆ ಸ್ವಲ್ಪ ಹೊಸ ಸೋಲ್ಡರ್ ಸೇರಿಸಿ, ಆಗ ಎರಡೂ ಕೂಡಿ ಸಲೀಸಾಗಿ ಕರಗುತ್ತವೆ. ಬಳಿಕ ಪಂಪ್‌ನಿಂದ ಹೀರಿ. ಕಾಲು ಸಡಿಲವಾಗದೆ ಕೆಪಾಸಿಟರ್ ಎಳೆಯಬೇಡಿ, ಎಳೆದರೆ ತಾಮ್ರದ ಗೆರೆಯೇ ಕಿತ್ತು ಬರುತ್ತದೆ. ಹಳೆಯ ಬೋರ್ಡುಗಳಲ್ಲಿ ತಾಮ್ರವನ್ನು ಹಿಡಿದಿಟ್ಟ ಅಂಟು ಬಹಳ ದುರ್ಬಲ. ಕಂದು ಬಣ್ಣಕ್ಕೆ ತಿರುಗಿದ ಹಳೆಯ ಅಂಟಿನ ಮುದ್ದೆ ಕೆಪಾಸಿಟರ್‌ಗಳ ಬುಡದಲ್ಲಿ ಕಂಡರೆ ಪೂರ್ತಿ ಕೆರೆದು ತೆಗೆಯಿರಿ, ಅಂಥ ಅಂಟು ಕಾಲಕ್ರಮದಲ್ಲಿ ವಿದ್ಯುತ್ತನ್ನು ಸೋರಗೊಟ್ಟು ಪಕ್ಕದ ಭಾಗಗಳ ಕಾಲುಗಳನ್ನು ತಿನ್ನುತ್ತದೆ. ಹೊಸ ಭಾಗ ಬೆಸೆಯುವಾಗ ಐರನ್ ತುದಿ ಕಾಲಿಗೂ ತಾಮ್ರಕ್ಕೂ ಒಟ್ಟಿಗೆ ತಾಗಬೇಕು. ಎರಡು ಮೂರು ಸೆಕೆಂಡಿನಲ್ಲಿ ಸೋಲ್ಡರ್ ಹರಿದು ಹೊಳೆಯುವ ಶಂಕುವಿನಾಕಾರಕ್ಕೆ ಬರಬೇಕು. ಗುಂಡಗೆ ಮಣಿಯಂತೆ ಕೂತರೆ ಬೆಸುಗೆ ಹಿಡಿದಿಲ್ಲ.

ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಸರಿಯಿದ್ದರೆ ಅವನ್ನು ಮುಟ್ಟದಿರುವುದೇ ವಿವೇಕ. ಬೋರ್ಡ್ ಹೊರತೆಗೆಯಲು ಹೀಟ್‌ಸಿಂಕ್‌ನಿಂದ ಬಿಚ್ಚಲೇಬೇಕಾದರೆ ಮೈಕಾ ಹಾಳೆಯನ್ನು ಜೋಪಾನ ಮಾಡಿ, ಹೊಸ ಥರ್ಮಲ್ ಪೇಸ್ಟ್ ತೆಳ್ಳಗೆ ಸವರಿ ಕೂರಿಸಿ. ಆಮೇಲೆ ಟ್ರಾನ್ಸಿಸ್ಟರ್‌ನ ಲೋಹದ ಬೆನ್ನಿಗೂ ಹೀಟ್‌ಸಿಂಕ್‌ಗೂ ಸಂಪರ್ಕವಾಗಿಲ್ಲವೆಂದು ಮೀಟರ್‌ನಿಂದ ಖಚಿತಪಡಿಸಿಕೊಳ್ಳಿ.

ಮತ್ತೆ ವಿದ್ಯುತ್ ಕೊಡುವುದು

ಸ್ಪೀಕರ್ ಜೋಡಿಸದೆ, ಇನ್‌ಪುಟ್ ತಂತಿಗಳನ್ನು ತೆಗೆದು, ವಾಲ್ಯೂಮ್ ಸೊನ್ನೆಗಿಟ್ಟು, ಸೀರೀಸ್ ಬಲ್ಬ್ ಮೂಲಕ ಚಾಲೂ ಮಾಡಿ. ಬಲ್ಬ್ ಒಮ್ಮೆ ಜೋರಾಗಿ ಉರಿದು ಕೆಲ ಕ್ಷಣಗಳಲ್ಲಿ ಮಂಕಾದರೆ ಕೆಪಾಸಿಟರ್‌ಗಳು ತುಂಬಿಕೊಂಡವು ಎಂದರ್ಥ, ಎಲ್ಲವೂ ಸರಿ. ಜೋರಾಗಿಯೇ ಉರಿಯುತ್ತಿದ್ದರೆ ಎಲ್ಲೋ ಶಾರ್ಟ್ ಇದೆ. ಕೂಡಲೇ ಆರಿಸಿ, ಪ್ಲಗ್ ಕಿತ್ತು, ಕೆಪಾಸಿಟರ್‌ಗಳನ್ನು ಖಾಲಿ ಮಾಡಿ ಹುಡುಕಿ. ಬಲ್ಬ್ ಇಲ್ಲದೆ ಚಾಲೂ ಮಾಡಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಅಷ್ಟರಲ್ಲಿ ಸುಟ್ಟುಹೋಗಿರುತ್ತಿದ್ದವು.

ಬಲ್ಬ್ ಮಂಕಾದ ಮೇಲೆ ಅದನ್ನು ತೆಗೆದು ನೇರ ವಿದ್ಯುತ್ ಕೊಡಿ. ಸ್ಪೀಕರ್ ಟರ್ಮಿನಲ್‌ಗಳ ನಡುವೆ ಡಿಸಿ ವೋಲ್ಟೇಜ್ ಅಳೆಯಿರಿ. ಅದು 20 ಮಿಲಿವೋಲ್ಟ್ ಒಳಗಿದ್ದರೆ ಬಹಳ ಚೆನ್ನ, 50ರವರೆಗೂ ಚಿಂತೆಯಿಲ್ಲ. 100 ದಾಟಿದರೆ ಸ್ಪೀಕರ್ ಜೋಡಿಸುವ ಮೊದಲು ಕಾರಣ ಹುಡುಕಬೇಕು. ಬಯಾಸ್ ಹೊಂದಿಸಲು ಇಪ್ಪತ್ತು ಮೂವತ್ತು ನಿಮಿಷ ಬಿಸಿಯಾಗಲು ಬಿಡಿ. ಔಟ್‌ಪುಟ್ ಟ್ರಾನ್ಸಿಸ್ಟರ್‌ನ ಎಮಿಟರ್ ರೆಸಿಸ್ಟರ್‌ನ ಎರಡು ತುದಿಗಳ ನಡುವೆ ಅಳೆದರೆ, 0.22 ಓಮ್‌ಗೆ 10 ಮಿಲಿವೋಲ್ಟ್ ಎಂದರೆ ಸುಮಾರು 45 ಮಿಲಿಆಂಪಿಯರ್. ಮ್ಯಾನ್ಯುಯಲ್ ಹೇಳಿದ ಅಂಕಿಗೆ ಟ್ರಿಮ್ಮರನ್ನು (ಬೋರ್ಡಿನ ಮೇಲಿನ ಪುಟ್ಟ ಹೊಂದಾಣಿಕೆ ತಿರುಪನ್ನು) ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಿ. ಮೀಟರ್‌ನ ಮೊನೆ ಜಾರಿ ಪಕ್ಕದ ಕಾಲಿಗೆ ತಾಗಿದರೆ ಆ ಕ್ಷಣವೇ ಟ್ರಾನ್ಸಿಸ್ಟರ್ ಹೋಗುತ್ತದೆ, ಹಾಗಾಗಿ ಆರಿಸಿದ ಸ್ಥಿತಿಯಲ್ಲೇ ಕ್ಲಿಪ್ ಸಿಕ್ಕಿಸಿ ಆಮೇಲೆ ಚಾಲೂ ಮಾಡುವುದು ಒಳ್ಳೆಯದು.

ಆಪ್‌ಆಂಪ್ ಬದಲಿಸಬೇಕೆ?

ಆಪ್‌ಆಂಪ್ ಎಂದರೆ ಧ್ವನಿ ಸಂಕೇತವನ್ನು ಹಿಗ್ಗಿಸುವ ಪುಟ್ಟ ಚಿಪ್. ಅಂಥ 4558 ಚಿಪ್ ಇರುವ ಹಳೆಯ ಪ್ರೀಆಂಪ್ಲಿಫೈಯರ್‌ನಲ್ಲಿ ಎನ್‌ಇ5532 ಅಥವಾ ಒಪಿಎ2134 ಹಾಕಿದರೆ ಮುಖ್ಯವಾಗಿ ಹಿಸ್ಸೆಂಬ ಸದ್ದು ತಗ್ಗಬಹುದು. ಸಾಕೆಟ್ ಹಾಕಿಬಿಟ್ಟರೆ ಬದಲಿಸಿ ನೋಡುವುದು ಸುಲಭ. ಆದರೆ ಮೂರು ಸಂಗತಿ ನೋಡಿಕೊಳ್ಳಿ. 5534ರಲ್ಲಿ ಒಂದೇ ಆಂಪ್ಲಿಫೈಯರ್, 5532ರಲ್ಲಿ ಎರಡು, ಕಾಲುಗಳ ಜೋಡಣೆಯೇ ಬೇರೆ. ಎರಡನೆಯದಾಗಿ, ಎನ್‌ಇ5532 ತನ್ನ ಇನ್‌ಪುಟ್‌ನಲ್ಲಿ ಸುಮಾರು 200 ನ್ಯಾನೋಆಂಪಿಯರ್ ಎಳೆಯುತ್ತದೆ. ಅಲ್ಲಿ 1,00,000 ಓಮ್ ರೆಸಿಸ್ಟರ್ ಇದ್ದರೆ 20 ಮಿಲಿವೋಲ್ಟ್ ಡಿಸಿ ಹುಟ್ಟುತ್ತದೆ. ಟಿಎಲ್072, ಒಪಿಎ2134 ಇವುಗಳ ಇನ್‌ಪುಟ್‌ನಲ್ಲಿ, ಕರೆಂಟನ್ನು ಬಹುತೇಕ ಎಳೆಯದ ಫೆಟ್ ಬಗೆಯ ಟ್ರಾನ್ಸಿಸ್ಟರ್ ಇರುವುದರಿಂದ ಈ ತೊಂದರೆಯಿಲ್ಲ. ಮೂರನೆಯದಾಗಿ, ವೇಗದ ಚಿಪ್‌ಗಳು ಕಿವಿಗೆ ಕೇಳಿಸದ ಮೆಗಾಹರ್ಟ್ಸ್‌ಗಳಲ್ಲಿ ತಾವಾಗಿಯೇ ಕಂಪಿಸತೊಡಗಬಹುದು. ಚಿಪ್ ಮುಟ್ಟಲಾರದಷ್ಟು ಬಿಸಿಯಾದರೆ ಅದೇ ಲಕ್ಷಣ. ವಿದ್ಯುತ್ ಬರುವ ಕಾಲುಗಳಿಗೆ ತೀರಾ ಹತ್ತಿರದಲ್ಲಿ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕುವುದು ಇದಕ್ಕೆ ಮೊದಲ ಮದ್ದು.

ಸ್ಪೀಕರ್ ಕ್ರಾಸ್‌ಓವರ್

ನನ್ನನ್ನು ಕೇಳಿದರೆ ಖರ್ಚಿಗೆ ತಕ್ಕ ಫಲ ಹೆಚ್ಚು ಸಿಗುವುದು ಇಲ್ಲಿ. ಹಳೆಯ ಕ್ರಾಸ್‌ಓವರ್‌ಗಳಲ್ಲಿ ಧನ ಋಣ ಭೇದವಿಲ್ಲದ ಎಲೆಕ್ಟ್ರೋಲಿಟಿಕ್‌ಗಳಿರುತ್ತವೆ. ಅವುಗಳ ಮೈಕ್ರೋಫ್ಯಾರಡ್ ಅಂಕಿ ಬದಲಾದಾಗ ಟ್ವೀಟರ್ ಮಂಕಾಗುತ್ತದೆ ಅಥವಾ ಅದಕ್ಕೆ ಸಲ್ಲದ ಸ್ವರಗಳು ಅದರ ಪಾಲಿಗೆ ಬರುತ್ತವೆ. ಟ್ವೀಟರ್‌ಗೆ ಸರಣಿಯಾಗಿರುವ ಕೆಪಾಸಿಟರ್‌ನಿಂದ ಶುರು ಮಾಡಿ. ಅದೇ ಮೈಕ್ರೋಫ್ಯಾರಡ್‌ನ, ಶೇ 5 ನಿಖರತೆಯ ಪಾಲಿಪ್ರೊಪಿಲೀನ್ ಹಾಕಿ. ಎರಡೂ ಸ್ಪೀಕರ್‌ಗಳಿಗೆ ಅಳತೆಯಲ್ಲಿ ಹತ್ತಿರದ ಜೊತೆ ಆರಿಸಿ.

ಹೀಗೆ ಮಾಡಿದ ಮೇಲೆ ತಾರಸ್ವರ ತುಸು ಚುರುಕೆನಿಸಿದರೆ ಅದಕ್ಕೆ ಕಾರಣವಿದೆ. ಹಳೆಯ ಎಲೆಕ್ಟ್ರೋಲಿಟಿಕ್‌ನ ಒಳರೋಧ ಸುಮಾರು 0.4 ಓಮ್ ಇದ್ದಿರಬಹುದು, ಫಿಲ್ಮ್‌ನದು ಬಹುತೇಕ ಸೊನ್ನೆ. 8 ಓಮ್ ಟ್ವೀಟರ್‌ಗೆ ಇದರ ವ್ಯತ್ಯಾಸ ಸರಿಸುಮಾರು 0.4 ಡೆಸಿಬಲ್. ವಿನ್ಯಾಸಕಾರರು ಆ ರೋಧವನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ. ಹೊಸ ಧ್ವನಿ ಚುಚ್ಚುವಂತಿದ್ದರೆ 0.33 ಓಮ್‌ನ 5 ವ್ಯಾಟ್ ರೆಸಿಸ್ಟರ್ ಸರಣಿಯಾಗಿ ಸೇರಿಸಿ. ಇದೇ ಕಾರಣಕ್ಕೆ ವೂಫರ್‌ನ ಸುರುಳಿಗಳನ್ನು ದಪ್ಪ ತಂತಿಯವಕ್ಕೆ ಬದಲಿಸಬಾರದು. ಅವುಗಳ ರೋಧವೂ ವಿನ್ಯಾಸದ ಭಾಗ. ಬೋರ್ಡಿನಲ್ಲಿ ಸುರುಳಿಗಳು ಒಂದಕ್ಕೊಂದು ಲಂಬವಾಗಿ ಕೂತಿದ್ದರೆ ಆ ದಿಕ್ಕನ್ನು ಬದಲಿಸಬೇಡಿ, ಅಡ್ಡಾದಿಡ್ಡಿಯಾದರೆ ಒಂದರ ಕಾಂತಕ್ಷೇತ್ರ ಇನ್ನೊಂದಕ್ಕೆ ಸೇರುತ್ತದೆ.

ಫಿಲ್ಮ್ ಕೆಪಾಸಿಟರ್‌ಗಳು ಹಳೆಯವಕ್ಕಿಂತ ಎಷ್ಟೋ ದಪ್ಪ. ಜಾಗ ಮೊದಲೇ ನೋಡಿಕೊಂಡು, ಟೈ ಮತ್ತು ಬಿಸಿ ಅಂಟಿನಿಂದ ಅಲುಗಾಡದಂತೆ ಬಿಗಿಯಿರಿ. ವೂಫರ್ ಬಿಚ್ಚುವಾಗ ಅಯಸ್ಕಾಂತ ಸ್ಕ್ರೂಡ್ರೈವರನ್ನು ಸೆಳೆದು ಕೋನ್ ತೂತಾಗುವುದುಂಟು. ಇನ್ನೊಂದು ಕೈಯನ್ನು ಕೋನಿಗೆ ಅಡ್ಡ ಹಿಡಿದಿರಿ. ಮುಚ್ಚುವಾಗ ಗ್ಯಾಸ್ಕೆಟ್ ಹರಿದಿದ್ದರೆ ಹೊಸದು ಹಾಕಿ, ಗಾಳಿ ಸೋರಿದರೆ ಬಾಸ್ ಸೋರಿದಂತೆಯೇ. ಅಂಚಿನ ಫೋಮ್ ಬೆರಳಿಗೆ ಪುಡಿಯಾಗಿ ಬಂದರೆ ಅದಕ್ಕೂ ಈಗಲೇ ಕೈ ಹಾಕುವುದು ಒಳ್ಳೆಯದು.

ಹೋಲಿಸಿ ಕೇಳುವುದು

ಒಂದು ಚಾನೆಲ್ ಮಾತ್ರ ಮುಗಿಸಿ ಎಂದದ್ದಕ್ಕೆ ಎರಡನೇ ಕಾರಣ ಇಲ್ಲಿದೆ. ಮೋನೋ ಧ್ವನಿಯನ್ನು ಎರಡೂ ಚಾನೆಲ್‌ಗೆ ಕೊಟ್ಟು, ಒಂದೇ ಸ್ಪೀಕರನ್ನು ಮೊದಲು ಹಳೆಯ ಚಾನೆಲ್‌ಗೆ, ಬಳಿಕ ಆಂಪ್ಲಿಫೈಯರ್ ಆರಿಸಿ ಹೊಸ ಚಾನೆಲ್‌ಗೆ ಜೋಡಿಸಿ ಕೇಳಿ. ತುಸು ಜೋರಾಗಿರುವುದು ಯಾವಾಗಲೂ ಇಂಪೆನಿಸುತ್ತದೆ, ಆದ್ದರಿಂದ ಮಟ್ಟ ಸರಿದೂಗಿಸದೆ ಹೋಲಿಸಿದರೆ ಆ ತೀರ್ಪಿಗೆ ಬೆಲೆಯಿಲ್ಲ. 400 ಹರ್ಟ್ಸ್‌ನ ಪರೀಕ್ಷಾ ಸ್ವರ ನುಡಿಸಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಎಸಿ ವೋಲ್ಟೇಜ್ ಅಳೆದು, ಎರಡೂ ಚಾನೆಲ್‌ಗಳು ಶೇ 1ರೊಳಗೆ ಸಮವಾಗುವಂತೆ ಬ್ಯಾಲೆನ್ಸ್ ತಿರುಗಿಸಿ. ಶೇ 1 ಎಂದರೆ 0.1 ಡೆಸಿಬಲ್‌ಗಿಂತಲೂ ಕಡಿಮೆ. ಯಾವುದು ಯಾವ ಚಾನೆಲ್ ಎಂದು ನಿಮಗೆ ಹೇಳದೆ ಜೋಡಿಸಿಕೊಡಲು ಮನೆಯವರೊಬ್ಬರು ಒಪ್ಪಿದರೆ ಇನ್ನೂ ಒಳ್ಳೆಯದು.

ವ್ಯತ್ಯಾಸ ಕೇಳಿಸದಿದ್ದರೂ ಒಣಗಿದ ಕೆಪಾಸಿಟರ್‌ಗಳನ್ನು ಎರಡನೇ ಚಾನೆಲ್‌ನಲ್ಲೂ ಬದಲಿಸಿಬಿಡಿ, ಆಯಸ್ಸಿನ ದೃಷ್ಟಿಯಿಂದ ಅದು ಬೇಕಾದ ಕೆಲಸ. ಆಪ್‌ಆಂಪ್‌ನಂಥ ಐಚ್ಛಿಕ ಬದಲಾವಣೆಯಲ್ಲಿ ವ್ಯತ್ಯಾಸ ಕೇಳಿಸದಿದ್ದರೆ ಅಲ್ಲಿಗೆ ನಿಲ್ಲಿಸಿ, ಮೂಲದ ಚಿಪ್ಪನ್ನೇ ಮರಳಿ ಹಾಕಿ. ತೆಗೆದ ಭಾಗಗಳನ್ನು ಯಾವುದು ಎಲ್ಲಿಯದು ಎಂಬ ಚೀಟಿಯೊಂದಿಗೆ ಒಂದು ಚೀಲದಲ್ಲಿ ಹಾಕಿ, ಬಯಾಸ್ ಮತ್ತು ಡಿಸಿ ಅಳತೆಗಳನ್ನು ದಿನಾಂಕದ ಸಮೇತ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿ. ಒಂದು ತಿಂಗಳು ಹಾಡಿದ ಮೇಲೆ ಅದೇ ಅಳತೆಗಳನ್ನು ಮತ್ತೊಮ್ಮೆ ತೆಗೆದು ಹೋಲಿಸಿ, ಬಯಾಸ್ ಸರಿದಿದ್ದರೆ ಪುನಃ ಹೊಂದಿಸಿ.